ಅಕ್ಕನಿಗೆ ಹಸಿವಾದ ದಿನ

ನಮ್ಮಕ್ಕ ರೊಟ್ಟಿ ತಿನ್ನುತ್ತಾ ತಿನ್ನುತ್ತಾ ಅತ್ತುಬಿಟ್ಟಳು. ಯಾಕೆ ಅಂತ ಕೇಳಿದರೆ, 'ಹಸಿವಾಗ್ತೈತೆ ಕಣೋ' ಅಂದಳು.

ಹಸಿವಾಯಿತು ಅಂತ ಯಾರಾದರೂ ಅಳುತ್ತಾರಾ? ಅದೂ ತಟ್ಟೆಯಲ್ಲಿ ಬಿಸಿ ಅಕ್ಕಿರೊಟ್ಟಿ, ಕಾಯಿಚಟ್ನಿ ಇರುವಾಗ? ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಜಯಕ್ಕ ನನಗಿಂತ ದೊಡ್ಡವಳು. ಮದುವೆಯಾಗಿ ಹೋಗಿದ್ದು ಆಲೂರು ತಾಲ್ಲೂಕಿನ ಕುಂದೂರಿಗೆ. ಭಾವ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಅಷ್ಟೂ ದಿನ ಅವರನ್ನು ಎತ್ತಿ ಕೂರಿಸಿದ್ದು, ಮಗ್ಗುಲು ಹೊರಳಿಸಿದ್ದು, ಮೈ ತೊಳೆದದ್ದು, ಬಟ್ಟೆ ಒಗೆದದ್ದು ಎಲ್ಲ ಇವಳೇ. ಅಕ್ಕ ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಭಾವ ಹೋಗಿಬಿಟ್ಟರು. ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕನನ್ನು ಸಕಲೇಶಪುರಕ್ಕೆ, ನಮ್ಮ ಮನೆಗೆ ಕರೆದುಕೊಂಡು ಬಂದೆ.

ಬಂದವಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಳು. ಕೂತೇಬಿಟ್ಟಳು.

ನಾವೂ ಏಳಲು ಬಿಡಲಿಲ್ಲ ಅನ್ನಿ. ಅವಳು ಪೊರಕೆ ಹಿಡಿದರೆ ನನ್ನ ಹೆಂಡತಿ ಸುಮಾ ಕಿತ್ತುಕೊಳ್ಳುತ್ತಿದ್ದಳು. 'ಸಾಕಷ್ಟು ದುಡಿದಿದ್ದೀರ ಅತ್ತಿಗೆ, ಸ್ವಲ್ಪ ರೆಸ್ಟ್ ತಗೊಳ್ಳಿ.' ಪ್ರೀತಿಯ ಮಾತೇ. ಆದರೆ ಅಕ್ಕನ ಊಟ ಕಡಿಮೆಯಾಗುತ್ತಾ ಹೋಯಿತು. ಎರಡು ತುತ್ತಿಗೆ ಸಾಕು ಅನ್ನುವಳು. ರಾತ್ರಿ ನಿದ್ದೆ ಇಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಇನ್ನೊಂದು ತೊಂದರೆಯನ್ನು ನನಗೆ ಹೇಳಲು ನಾಚಿ, ಸುಮಾಳ ಕಿವಿಯಲ್ಲಿ ಹೇಳಿದಳು. (ಹೊಟ್ಟೆ ಸರಿಯಾಗಿ ಖಾಲಿಯಾಗುತ್ತಿರಲಿಲ್ಲ. ಇದನ್ನು ಬರೆಯಲು ಅಕ್ಕನ ಪರ್ಮಿಷನ್ ತೆಗೆದುಕೊಂಡಿದ್ದೇನೆ.)

ಕೊನೆಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಬಿಪಿ, ಶುಗರ್, ರಕ್ತ ಎಲ್ಲ ನೋಡಿದರು. ಎಲ್ಲ ನಾರ್ಮಲ್.

'ಇಡೀ ದಿನ ಓಡಾಡ್ತಿದ್ದ ಮೈನ ಒಂದೇ ಸಲ ಕುರ್ಚಿಗೆ ಕಟ್ಟಿ ಹಾಕಿದ್ದೀರಲ್ರೀ' ಅಂದರು ನನ್ನ ಕಡೆ ತಿರುಗಿ. 'ಮೈ ಆಡಿದರೆ ಕರುಳೂ ಆಡುತ್ತೆ. ಹಸಿವಾಗುತ್ತೆ, ನಿದ್ದೆ ಬರುತ್ತೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೆಸಿ. ಓಡೋದೇನೂ ಬೇಡ. ನಡೀತಾ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು. ಅಷ್ಟೇ ಸ್ಪೀಡು. ದುಃಖಕ್ಕೆ ಟೈಮ್ ಬೇಕು, ಆದರೂ ಸುಧಾರಿಸದಿದ್ದರೆ ಮತ್ತೆ ಕರ್ಕೊಂಡು ಬನ್ನಿ.'

ಮನೆಗೆ ಬಂದು ಅಕ್ಕ ಕೇಳಿದಳು: 'ಸುಮ್ನೆ ಹೋಗಿ ಸುಮ್ನೆ ಬರೋದೇನೋ? ಅದಕ್ಕೊಂದು ಕೆಲ್ಸ ಅಂತ ಬ್ಯಾಡ್ವಾ?'

'ಅದೇ ಕೆಲಸ ಕಣಕ್ಕ.'

'ಜನ ಏನಂತಾರೆ? ಗಂಡ ಸತ್ತು ವರ್ಷ ತುಂಬಿಲ್ಲ, ವಾಕಿಂಗ್ ಹೊರಟವ್ಳೆ ಅನ್ನಲ್ವಾ?'

ಸುಮಾ ಒಳಗಿಂದ ಒಂದು ಬಟ್ಟೆ ಚೀಲ ತಂದು ಅಕ್ಕನ ಕೈಗಿಟ್ಟಳು. 'ಸೊಪ್ಪು ತರೋಕೆ ಹೋಗ್ತಿದ್ದೀನಿ ಅನ್ನಿ ಅತ್ತಿಗೆ.'

ಹೀಗೆ ಶುರುವಾಯಿತು ನಮ್ಮ ನಡಿಗೆ. ಮಂಜು ಇನ್ನೂ ಬಿಟ್ಟಿರುತ್ತಿರಲಿಲ್ಲ. ಕಾಫಿ ಕುಯ್ಲಿನ ಸಮಯ, ಆಳುಗಳನ್ನು ತುಂಬಿಕೊಂಡ ಜೀಪುಗಳು ತೋಟಗಳ ಕಡೆ ಹೋಗುತ್ತಿದ್ದವು. ನಾವು ಇಳಿಜಾರಿನಲ್ಲಿ ಹೊಳೆಯ ತನಕ ಹೋಗಿ, ಏರು ಹತ್ತಿ ವಾಪಸ್. ಯಾರಾದರೂ 'ಎಲ್ಲಿಗೆ?' ಅಂದರೆ ಅಕ್ಕ ಚೀಲ ಎತ್ತಿ ತೋರಿಸುವಳು. ಹೇಳಿದ ಮೇಲೆ ಬರಿಗೈಯಲ್ಲಿ ಬರುವುದು ಹೇಗೆ? ಹಾಗಾಗಿ ನಮ್ಮ ಮನೆಯಲ್ಲಿ ದಿನಾ ಸೊಪ್ಪಿನ ಸಾರು. (ಅಕ್ಕನ ಹೊಟ್ಟೆ ಸರಿಹೋದದ್ದರಲ್ಲಿ ಸೊಪ್ಪಿನ ಪಾಲೂ ಇದೆ ಅಂತ ಡಾಕ್ಟರ್ ಆಮೇಲೆ ನಗುತ್ತಾ ಒಪ್ಪಿಕೊಂಡರು.)

ಮೊದಮೊದಲು ಅಕ್ಕ ಬಾಯಿ ಬಿಡಲಿಲ್ಲ. ನಾನೇ ಊರ ಸುದ್ದಿಯೆಲ್ಲ ಹೇಳಿಕೊಂಡು ಹೋಗುತ್ತಿದ್ದೆ. ಏರಿನಲ್ಲಿ ನನ್ನ ಮಾತೂ ನಿಲ್ಲುತ್ತಿತ್ತು, ಹೊಟ್ಟೆ ಬಂದಿದೆಯಲ್ಲ! ಒಂದು ದಿನ ಹಾಗೆ ದಮ್ಮು ಕಟ್ಟಿ ನಿಂತಾಗ ಅಕ್ಕ ಕಾಯುತ್ತಾ ನಿಂತಳು. ತನ್ನ ಎರಡು ಕೈಗಳನ್ನೂ ನೋಡಿಕೊಂಡಳು.

'ಅವ್ರನ್ನ ಎತ್ತಿ ಎತ್ತಿ ಈ ಕೈಗೆ ಅಭ್ಯಾಸ ಆಗ್ಬುಟ್ಟಿತ್ತು ಕಣೋ. ಈಗ ಏನೂ ಭಾರಾನೇ ಇಲ್ಲ. ಇದನ್ನ ಎಲ್ಲಿಡ್ಬೇಕೋ ಗೊತ್ತಾಗಲ್ಲ.'

ಅವತ್ತು ಮನೆ ತನಕ ಅವಳೇ ಮಾತಾಡಿದಳು. ಭಾವನ ಕೊನೆಯ ದಿನಗಳ ಬಗ್ಗೆ, ಅವರ ಸಿಟ್ಟಿನ ಬಗ್ಗೆ, ನೋವು ಕಡಿಮೆಯಿದ್ದ ಹೊತ್ತಿನಲ್ಲಿ ಅವರು ಮಾಡುತ್ತಿದ್ದ ತಮಾಷೆಯ ಬಗ್ಗೆ. ಅಷ್ಟನ್ನೂ ಅವಳು ಯಾರ ಹತ್ತಿರವೂ ಹೇಳಿರಲಿಲ್ಲ.

ಆಮೇಲೆ ಬಂತು ಆ ರೊಟ್ಟಿಯ ಬೆಳಿಗ್ಗೆ. ವಾಕಿಂಗ್ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು: 'ಸುಮಾ, ರೊಟ್ಟಿ ಆಯ್ತೇನೇ?' ಸುಮಾ ನನ್ನ ಮುಖ ನೋಡಿದಳು. ಬಂದ ದಿನದಿಂದ ಅಕ್ಕ ಏನನ್ನೂ ಬಾಯಿಬಿಟ್ಟು ಕೇಳಿರಲಿಲ್ಲ. ಒಂದು ತಿಂದಳು. ಇನ್ನೊಂದು ಹಾಕಿಸಿಕೊಂಡಳು. ಮತ್ತೊಂದಕ್ಕೆ ತಟ್ಟೆ ಮುಂದೆ ಮಾಡಿದವಳು ಹಾಗೇ ಅತ್ತುಬಿಟ್ಟಳು.

'ಹಸಿವಾಗ್ತೈತೆ ಕಣೋ... ಅವ್ರು ಕಡೆಗೆ ಒಂದು ಗುಟುಕು ನೀರು ನುಂಗಕ್ಕಾಗ್ದೆ ಹೋಗ್ಬುಟ್ರು. ನಾನಿಲ್ಲಿ ಹೊಟ್ಟೆ ತುಂಬಾ ತಿಂತಾ ಕೂತಿದೀನಿ. ನಂಗೆ ಹೆಂಗೆ ಹಸಿವಾಗ್ತೈತೆ?'

ಸುಮಾ ಒಲೆ ಸಣ್ಣದು ಮಾಡಿ ಬಂದು ಅಕ್ಕನ ಪಕ್ಕ ಕೂತಳು. ರೊಟ್ಟಿ ತಟ್ಟೆಗೆ ಹಾಕಿ, ಅವಳ ಬೆನ್ನ ಮೇಲೆ ಕೈಯಿಟ್ಟು ಹೇಳಿದಳು: 'ಅವರಿಗೆ ತಿನ್ನಿಸಿ ತಿನ್ನಿಸಿ ನೀವು ಉಪವಾಸ ಇದ್ದಿದ್ದು ಸಾಕು. ತಿನ್ನಿ ಅತ್ತಿಗೆ, ತಣ್ಣಗಾಗುತ್ತೆ.'

ಅಕ್ಕ ಅಳುತ್ತಲೇ ತಿಂದಳು. ಪೂರ್ತಿ ತಿಂದಳು.

ನಡಿಗೆಯಿಂದ ದುಃಖ ಹೋಯಿತಾ? ಇಲ್ಲ. ಈಗಲೂ ಭಾವನ ಮಾತು ಬಂದರೆ ಕಣ್ಣು ಒರೆಸಿಕೊಳ್ಳುತ್ತಾಳೆ. ಆದರೆ ರಾತ್ರಿ ನಿದ್ದೆ ಮಾಡುತ್ತಾಳೆ. ಮೆಟ್ಟಿಲು ಹತ್ತಿ ಒಣಗಿದ ಬಟ್ಟೆ ತರುತ್ತಾಳೆ. ಸುಮಾಳ ಕೈಯಿಂದ ಪೊರಕೆ ಕಿತ್ತುಕೊಳ್ಳುತ್ತಾಳೆ. ಜಿಮ್ಮಿಲ್ಲ, ಶೂ ಇಲ್ಲ, ಬೆವರಿನ ಹೊಳೆಯಿಲ್ಲ. ದಿನಾ ಒಂದಿಷ್ಟು ಹೆಜ್ಜೆ, ತಪ್ಪದೆ. ಮೈ ತನ್ನ ಕೆಲಸಗಳನ್ನು ಒಂದೊಂದಾಗಿ ಮತ್ತೆ ಕೈಗೆತ್ತಿಕೊಂಡಿತು.

ಕಳೆದ ವಾರ ಅಕ್ಕ ಕುಂದೂರಿಗೆ ಹೊರಟಳು. ನಾವು ಬೇಡವೆಂದೆವು. 'ಗದ್ದೆ ನೋಡ್ಬೇಕು ಕಣೋ. ಅವ್ರಿಲ್ಲದ ಮನೇನ ಒಂದಲ್ಲ ಒಂದಿನ ನೋಡ್ಲೇಬೇಕಲ್ಲ. ಈಗ ಕಾಲಲ್ಲಿ ಬಲ ಐತೆ' ಅಂದಳು. ಬಸ್ಸು ಹತ್ತುವಾಗ ನಾನು ಕೈ ಕೊಡಲು ಹೋದೆ. ಬೇಕಾಗಲಿಲ್ಲ.

ದುಃಖದಲ್ಲಿ ಕುಸಿದು ಕೂತವರಿಗೆ ನಾವೆಲ್ಲ 'ಸ್ವಲ್ಪ ಊಟ ಮಾಡು' ಅನ್ನುತ್ತೇವೆ, 'ಸ್ವಲ್ಪ ಮಲಗು' ಅನ್ನುತ್ತೇವೆ. 'ಬಾ, ನಿನ್ನ ಜೊತೆ ನಾನೂ ನಡೀತೀನಿ' ಅಂತ ನೀವು ಯಾರಿಗಾದರೂ ಹೇಳಿದ್ದೀರಾ?