ಜನ್ನಾಪುರದ ಗೋಡೆಯ ಹಡಗುಗಳು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವನಲ್ಲ. ನೆನಪು ತನಗೆ ಬೇಕಾದ್ದನ್ನು ಆಮೇಲೆ ಸೇರಿಸಿಕೊಳ್ಳುತ್ತದೆ ಎಂದು ಈಗಲೂ ತಿಳಿದಿದ್ದೇನೆ. ಓದುವವರು ಇದನ್ನೂ ಅದೇ ಅನುಮಾನದಿಂದ ಓದಬೇಕು.

ಅರವತ್ತರ ದಶಕದ ಆರಂಭ. ಎಂ.ಎ. ಮುಗಿಸಿ ಶಿವಮೊಗ್ಗದಲ್ಲಿ ಪಾಠ ಹೇಳುತ್ತಿದ್ದೆ. ಭಾನುವಾರ ಬಸ್ಸು ಹಿಡಿದು ಭದ್ರಾವತಿಯ ಜನ್ನಾಪುರಕ್ಕೆ, ಗೆಳೆಯ ಚಂದ್ರಪ್ಪನ ಮನೆಗೆ ಹೋಗುವುದು ರೂಢಿ. ಅವನು ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಅವನ ತಮ್ಮ ನಾಗರಾಜ ಸರಕಿನ ಹಡಗಿನ ಕೆಲಸಕ್ಕೆ ಸೇರಿದ್ದ. ಎರಡು ವರ್ಷದಿಂದ ಅವನ ಒಂದು ಕಾಗದವೂ ಇರಲಿಲ್ಲ. ನಾಗರಾಜನ ಹೆಂಡತಿ ಗಿರಿಜಾ ಅದೇ ಮನೆಯಲ್ಲಿದ್ದಳು. ಊರು ಬಿಟ್ಟ ಅಧಿಕಾರಿಯೊಬ್ಬರ ಸಾಮಾನಿನ ಹರಾಜಿನಲ್ಲಿ ಚಂದ್ರಪ್ಪ ಅವಳಿಗಾಗಿ ಒಂದು ಚಿತ್ರ ತಂದಿದ್ದ: ಎದ್ದ ಅಲೆಗಳು, ಗಾಳಿ ತುಂಬಿದ ಹಾಯಿ, ಮೂರು ಹಡಗು. ಅವಳು ಅದನ್ನು ದೇವರ ಪಟದ ಪಕ್ಕದಲ್ಲೇ ತೂಗುಹಾಕಿ ದಿನವೂ ಹೂವಿಡುತ್ತಿದ್ದಳು.

ಒಂದು ಭಾನುವಾರ ಸಂಜೆ ನಾನು ಹೋದಾಗ ಅವಳ ಬಟ್ಟೆಯ ಗಂಟು ಕಟ್ಟಿಯಾಗಿತ್ತು. ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು ತವರಿನವರು ಮರುದಿನ ಕರೆದೊಯ್ಯಲು ಬರುವವರಿದ್ದರು. ಕಾಫಿ ಕೊಟ್ಟವಳು ಆ ಚಿತ್ರದ ಪಕ್ಕ ನಿಂತಳು.

"ಅಣ್ಣ, ನೀವು ಓದಿದೋರು. ಇವು ಹೋಗ್ತಿದಾವೋ, ಬರ್ತಿದಾವೋ?"

"ತುಂಗೆ ಬಿಟ್ರೆ ಇವ್ನು ಬೇರೆ ನೀರೇ ಕಂಡಿಲ್ಲ, ಇವನ್ನ ಕೇಳ್ತೀಯಲ್ಲಮ್ಮ," ಎಂದು ಚಂದ್ರಪ್ಪ ನಕ್ಕ.

ಎದ್ದು ನೋಡಿದೆ. ಮೂರೂ ಹಡಗುಗಳ ಹಿಂಭಾಗ ನಮ್ಮ ಕಡೆಗಿತ್ತು. ಅವುಗಳ ಮುಂದೆ ಬರೀ ನೀರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಹೋಗುತ್ತಿವೆ ಎಂದೆ.

ಅಷ್ಟರಲ್ಲಿ ಕಾರ್ಖಾನೆಯಲ್ಲಿ ಕುಲುಮೆಯಲ್ಲಿ ಕಬ್ಬಿಣ ಕರಗಿಸಿ ಉಳಿದ ಕಾದ ಕಿಟ್ಟವನ್ನು ಹೊರಗೆ ಸುರಿದರು. ಸುರಿದಾಗಲೆಲ್ಲ ಅಲ್ಲಿನ ಆಕಾಶ ಕೆಂಪಾಗುತ್ತಿತ್ತು. ಆ ಬೆಳಕು ಕಿಟಕಿಯಿಂದ ಚಿತ್ರದ ಮೇಲೆ ಬಿತ್ತು. ಈಗ ಮೂರೂ ಹಡಗುಗಳ ಮೂತಿ ನಮ್ಮ ಕಡೆಗಿತ್ತು. ಬೆಳಕು ಆರುವವರೆಗೆ ಹಾಗೇ ಇತ್ತು. ಆಮೇಲೆ ಮತ್ತೆ ಹಿಂಭಾಗ. ಚಂದ್ರಪ್ಪ ಬೀಡಿ ಹಚ್ಚುವುದರಲ್ಲಿದ್ದ. ಗಿರಿಜಾ ಲೋಟ ಎತ್ತಿಕೊಂಡು ಒಳಗೆ ಹೋಗಿ ಗಂಟು ಬಿಚ್ಚಿದಳು. ಮರುದಿನ ಬಂದ ತವರಿನವರು ಬರಿಗೈಯಲ್ಲಿ ಹಿಂತಿರುಗಿದರೆಂದು ಆಮೇಲೆ ತಿಳಿಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ನಾಗರಾಜ ಬಂದ. ದೂರದ ಬಂದರಿನ ಆಸ್ಪತ್ರೆಯಲ್ಲಿ ಬಹುಕಾಲ ಮಲಗಿದ್ದನಂತೆ, ತೀರ ಸೊರಗಿದ್ದ. ನಾನು ನೋಡಲು ಹೋದ ದಿನ ಅವನ ಕಣ್ಣು ಆ ಚಿತ್ರದ ಮೇಲೆ ಬಿತ್ತು.

"ದಡ ಬಿಟ್ಟು ಹೋಗ್ತಿರೋ ಹಡಗು ಇವು. ಇದಕ್ಯಾಕೆ ಹೂವು?"

"ಆವತ್ತು ಬರ್ತಿದ್ವು," ಎಂದಳು ಗಿರಿಜಾ. "ಅಣ್ಣನೂ ನೋಡಿದ್ರು."

ಎಲ್ಲರೂ ನನ್ನತ್ತ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.

ಕಂಡದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಭಾನುವಾರದ ನನ್ನ ದಿನಚರಿಯಲ್ಲಿ ಜನ್ನಾಪುರ, ಕಾಫಿ, ಹಡಗಿನ ಚಿತ್ರ ಎಂದಷ್ಟೇ ಇದೆ. ತಿರುಗಿದ ಹಡಗುಗಳನ್ನು ನಾನು ಕಂಡದ್ದು ಆ ಕೆಂಪು ಬೆಳಕಿನಲ್ಲೋ, ತಲೆಯಾಡಿಸಿದ ಮೇಲೋ, ಇಂದಿಗೂ ಹೇಳಲಾರೆ.