ನೂರ ಹನ್ನೆರಡು ಮನೆಗಳ ಯೋಗಕ್ಷೇಮ

ವರ್ಲೀನ್ ಸೈಜ್ಮೋರ್ ಕೈಗೆ ಫೋನು ಕೊಟ್ಟು ಒಂದು ಕೆಲಸ ಒಪ್ಪಿಸಿದರೆ ಅದು ಆದಂತೆಯೇ ಲೆಕ್ಕ. ಆದರೆ ಬೇಗ ಆಗುವುದಿಲ್ಲ. ಕೆಂಟಕಿಯ ಪೂರ್ವದ ಬೆಟ್ಟಗಳ ನಡುವಿನ ಸ್ಯಾಲಿಸ್ ಬ್ರಾಂಚ್ ಕಣಿವೆಯಲ್ಲಿ ಯಾರೂ ಫೋನೆತ್ತಿದ ಕೂಡಲೇ ವಿಷಯಕ್ಕೆ ಬರುವುದಿಲ್ಲ. ಮೊದಲು ಹೇಗಿದ್ದೀರಿ ಎಂದು ಕೇಳಬೇಕು. ಕೇಳಿದ ಮೇಲೆ ಅವರು ಮೊಣಕಾಲಿನಿಂದ ಹಿಡಿದು ಮೈದುನನ ಮೂಲವ್ಯಾಧಿಯವರೆಗೆ ಹೇಳಿ ಮುಗಿಸುವ ತನಕ ಹೂಂಗುಟ್ಟಬೇಕು. ಪಟ್ಟಣದಿಂದ ಬಂದವರಿಗೆ ಇದು ತಲೆನೋವು. ವರ್ಲೀನಳಿಗೆ ಇದಿಲ್ಲದೆ ಊಟ ಸೇರುತ್ತಿರಲಿಲ್ಲ.

ಇಪ್ಪತ್ತೊಂಬತ್ತು ವರ್ಷ ಅವಳು ಶಾಲೆಯ ಬಸ್ಸು ಓಡಿಸಿದವಳು. ಅದಕ್ಕಿಂತ ಹಳೆಯ ಇನ್ನೊಂದು ಕೆಲಸವೂ ಅವಳಿಗಿತ್ತು. ೧೯೭೮ರಿಂದ ಪ್ರತಿ ಚುನಾವಣೆಗೂ ರಿಪಬ್ಲಿಕನ್ ಪಕ್ಷದ ಪರವಾಗಿ ಕಣಿವೆಯ ನೂರ ಹನ್ನೆರಡು ಮನೆಗಳಿಗೆ ಫೋನು ಮಾಡುವವಳು ಅವಳೇ. ಅವಳ ತವರಿನಲ್ಲಿ ಚರ್ಚು ಬದಲಿಸಿದವರಿದ್ದರು, ಹೆಂಡತಿಯನ್ನು ಬದಲಿಸಿದವರೂ ಇದ್ದರು, ಪಕ್ಷ ಬದಲಿಸಿದವರು ಮುತ್ತಜ್ಜನ ಕಾಲದಿಂದ ಒಬ್ಬರೂ ಇರಲಿಲ್ಲ. ಫೋನಿನ ಪಕ್ಕದಲ್ಲಿ ಒಂದು ಕೆಂಪು ನೋಟುಬುಕ್ಕು ಇರುತ್ತಿತ್ತು. ಎಡಗಡೆ ಹೆಸರು, ಬಲಗಡೆ ಅವರ ಕಾಯಿಲೆ. ಮುಂದಿನ ಸಲ ಫೋನು ಮಾಡಿದಾಗ ಮರೆಯದೆ ವಿಚಾರಿಸಬೇಕಲ್ಲ, ಅದಕ್ಕೆ.

೨೦೧೭ರ ಮಾರ್ಚಿನಲ್ಲಿ ಡೆನ್ವರ್ ಗೇಹಾರ್ಟ್ ಹೊಸ ಪಟ್ಟಿ ಹಿಡಿದು ಅವಳ ಅಡುಗೆಮನೆಗೆ ಬಂದ. ಟೈರಿನ ಅಂಗಡಿಯವನು, ಜಿಲ್ಲೆಯಲ್ಲಿ ಪಕ್ಷದ ಅಧ್ಯಕ್ಷ. ಒಂದು ಕಾಲದಲ್ಲಿ ಮೂಗು ಸುರಿಸಿಕೊಂಡು ಅವಳ ಬಸ್ಸಿನ ಎರಡನೇ ಸೀಟಿನಲ್ಲಿ ಕೂರುತ್ತಿದ್ದವನು. ಕಣಿವೆಯ ಕಿರಿಯರೆಲ್ಲರಂತೆ ಅವನೂ ಅವಳನ್ನು ಗೌರವಕ್ಕೆ ಮಿಸ್ ಎನ್ನುತ್ತಿದ್ದ.

"ಏಳು ವರ್ಷದಿಂದ ಹೇಳ್ತಾ ಬಂದಿದ್ವಿ, ಮಿಸ್ ವರ್ಲೀನ್. ಎದುರು ಪಕ್ಷದೋರು ತಂದ ಆ ಆರೋಗ್ಯ ವಿಮೆ ಕಾನೂನು ಕಿತ್ತು ಹಾಕ್ತೀವಿ ಅಂತ. ಈಗ ದೇಶದ ಅಧ್ಯಕ್ಷರೂ ನಮ್ಮೋರೇ, ಎರಡು ಸದನಾನೂ ನಮ್ದೇ. ಆದ್ರೆ ನಮ್ಮ ಸಂಸತ್ ಸದಸ್ಯರು ಸ್ವಲ್ಪ ಹಿಂದೆ ಮುಂದೆ ನೋಡ್ತಾ ಇದಾರೆ. ಮನೆಮನೆಯಿಂದ ಅವರ ಆಫೀಸಿಗೆ ಫೋನ್ ಹೋಗ್ಬೇಕು. ಕಿತ್ತು ಹಾಕಿ ಅಂತ ಒಂದೇ ಮಾತು."

"ಅದಕ್ಕೇನು, ಮಾಡ್ಸೋಣ. ಟ್ವೈಲಾ ಹೇಗಿದಾಳೆ?"

"ಚೆನ್ನಾಗಿದಾಳೆ," ಎಂದು ಡೆನ್ವರ್ ಟೋಪಿ ಎತ್ತಿಕೊಂಡ. ಹೆಂಡತಿಯ ಬಗ್ಗೆ ಯಾವಾಗ ಕೇಳಿದರೂ ಅವನದು ಇಷ್ಟೇ. ನೋಟುಬುಕ್ಕಿನಲ್ಲಿ ಬಲಗಡೆ ಏನೂ ಬರೆಯದ ಹೆಸರು ಅವನದೊಂದೇ.

ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಕಿಟಕಿಯ ಹತ್ತಿರ ಕೂತಿದ್ದ ಅವಳ ಗಂಡ ಹೋಬರ್ಟ್ ಅಣಕಿಸಿದ. "ಶುರುವಾಯ್ತು ಆಕಾಶವಾಣಿ. ಇನ್ನು ನಾಲ್ಕು ದಿನ ನಂಗೆ ಗಂಜಿನೇ ಗತಿ." ಕಲ್ಲಿದ್ದಲು ಗಣಿಯಲ್ಲಿ ಇಪ್ಪತ್ತಾರು ವರ್ಷ ದುಡಿದ ಎದೆ ಅದು. ಒಂದು ವಾಕ್ಯ ಆಡಿದರೆ ಎರಡು ಸಲ ನಿಂತು ಉಸಿರೆಳೆದುಕೊಳ್ಳಬೇಕಿತ್ತು, ಆದರೂ ಹೆಂಡತಿಯನ್ನು ಕೆಣಕುವ ಮಾತನ್ನು ಮಾತ್ರ ಅವನು ಉಳಿತಾಯ ಮಾಡುತ್ತಿರಲಿಲ್ಲ.

ನಾಲ್ಕು ದಿನ ವರ್ಲೀನ್ ಫೋನು ಕೆಳಗಿಡಲಿಲ್ಲ. ಮೊದಲ ಮನೆಯ ಎಫೀಗೆ ಹೃದಯದ ಕವಾಟ ಹಾಕಿಸಿಯಾಗಿತ್ತು. ಕಾರ್ಬಿಟ್‌ನ ಸಕ್ಕರೆ ಕಾಯಿಲೆ ಹತೋಟಿಗೆ ಬಂದು ಕಾಲು ಉಳಿದಿತ್ತು. ಇನ್ನೊಬ್ಬಳ ಮಗ ನೋವಿನ ಮಾತ್ರೆಯ ಚಟ ಬಿಡಿಸುವ ಕಡೆ ಸೇರಿ ಏಳು ತಿಂಗಳಾಗಿತ್ತು. ಎಲ್ಲರ ಕಥೆಯಲ್ಲೂ ಒಂದು ಮಾತು ತಪ್ಪದೆ ಬರುತ್ತಿತ್ತು: ಆ ವಿಮೆ ಕಾರ್ಡು ಬಂದ ಮೇಲೆ. ವರ್ಲೀನ್ ಅದನ್ನೆಲ್ಲ ಬಲಗಡೆ ಬರೆದುಕೊಂಡು ಆಮೇಲೆ ಪಕ್ಷದ ಮಾತು ಹೇಳುತ್ತಿದ್ದಳು.

"ಕಿತ್ತು ಹಾಕಿ ಅನ್ಬೇಕಾ? ಅಷ್ಟೇ ತಾನೆ?" ಎಂದಳು ಎಫೀ. "ನೀನು ಹೇಳಿದ ಮೇಲೆ ಯೋಚ್ನೆ ಏನೇ, ಮಾಡ್ತೀನಿ ಬಿಡು."

ಒಬ್ಬರೂ ಇಲ್ಲವೆನ್ನಲಿಲ್ಲ. ಈ ಕಥೆ ಹೇಳುವ ನನಗೆ ಸಿಟ್ಟು ಬರುವುದು ಇಲ್ಲೇ. ದೊಡ್ಡವರು ದೊಡ್ಡ ಊರಿನಲ್ಲಿ ಕೂತು ಕಿತ್ತು ಹಾಕುವ, ಉಳಿಸಿಕೊಳ್ಳುವ ಜಗಳವಾಡುತ್ತಾರೆ, ಇಲ್ಲಿಯವರು ವರ್ಲೀನ್ ಕೇಳಿದಳೆಂದು ತಮ್ಮ ಔಷಧವನ್ನೇ ಬಿಟ್ಟುಕೊಡಲು ಹೊರಡುತ್ತಾರೆ. ಅವಳಿಗೂ ಆಗ ಅದು ಹೊಳೆಯಲಿಲ್ಲ.

ಐದನೆಯ ದಿನ ಹೋಬರ್ಟ್‌ನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಗಣಿಯವರ ಪರಿಹಾರದ ಅರ್ಜಿಗಳನ್ನು ನೋಡಿಕೊಳ್ಳುವ ರೋಯೀನಾ ಸೊರಗಿಹೋಗಿದ್ದಳು.

"ಏನಮ್ಮ, ನಿದ್ದೆ ಮಾಡಿಲ್ವಾ?" ಎಂದು ವರ್ಲೀನ್ ಕೇಳಿದಳು.

"ನಿದ್ದೆ ಎಲ್ಲಿಂದ ಬರತ್ತೆ? ಆ ಕಾನೂನು ಕಿತ್ತು ಹಾಕಿದ್ರೆ ನಮ್ಮ ಗಣಿ ಮುದುಕ್ರ ಗತಿ ಏನು ಅಂತ."

"ಇವರದ್ದು ಗಣಿ ಪರಿಹಾರ. ಅದೇ ಬೇರೆ, ಇದೇ ಬೇರೆ."

"ಬೇರೆ ಅಲ್ಲ, ಮಿಸ್ ವರ್ಲೀನ್. ಹೋಬರ್ಟ್ ಅರ್ಜಿ ಎಷ್ಟು ಸಲ ತಿರಸ್ಕಾರ ಆಗಿತ್ತು?"

"ಮೂರು ಸಲ. ಸಿಗರೇಟಿಂದ ಹಿಂಗಾಗಿದೆ ಅಂದ್ರು. ಇವರು ಜನ್ಮದಲ್ಲಿ ಸಿಗರೇಟು ಸೇದಿದೋರಲ್ಲ."

"ನಾಲ್ಕನೇ ಸಲ ಹೇಗೆ ಒಪ್ಪಿದ್ರು? ಹದಿನೈದು ವರ್ಷ ಗಣೀಲಿ ದುಡಿದೋನ ಎದೆ ಕೆಟ್ಟಿದ್ರೆ ಅದು ಗಣಿಯಿಂದಲೇ, ಅಲ್ಲ ಅನ್ನೋದಾದ್ರೆ ಕಂಪನಿನೇ ಸಾಬೀತು ಮಾಡ್ಲಿ ಅನ್ನೋ ನಿಯಮ ಬಂತಲ್ಲ, ಅದ್ರಿಂದ. ಆ ನಿಯಮ ಇರೋದು ಇದೇ ಕಾನೂನಿನ ಹೊಟ್ಟೆ ಒಳಗೆ. ಗಂಡ ಹೋದ ಮೇಲೆ ಹೆಂಡ್ತಿಗೆ ಆ ಹಣ ಮುಂದುವರಿಯೋದೂ ಅದ್ರಲ್ಲೇ. ಪೂರ್ತಿ ಕಿತ್ರೆ ಅದೂ ಹೋಗಬಹುದು."

ವರ್ಲೀನ್ ಹಿಂದಿರುಗುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಹೋಬರ್ಟ್‌ಗೆ ಗಾಬರಿಯಾಯಿತು. ಮದುವೆಯಾದ ಮೇಲೆ ಅವಳು ಹನ್ನೆರಡು ಮೈಲಿ ಬಾಯಿ ಮುಚ್ಚಿಕೊಂಡು ಬಂದದ್ದು ಅದೇ ಮೊದಲು.

ಮನೆಗೆ ಬಂದವಳೇ ನೋಟುಬುಕ್ಕನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದಳು. ಎಡಗಡೆ ಬಿಟ್ಟು ಬರೀ ಬಲಗಡೆ. ಓದುತ್ತ ಓದುತ್ತ ಕಣ್ಣೊರೆಸಿಕೊಂಡಳು.

"ಇಷ್ಟು ದಿನ ಇವರೆಲ್ಲ ನನ್ನ ಕಿವಿಗೇ ಹಾಕಿದಾರೆ ಹೋಬರ್ಟ್. ನಾನು ಬರ್ಕೊಂಡೆ. ಕೇಳಿಸ್ಕೊಳ್ಲಿಲ್ಲ."

"ಅಳ್ಬೇಡ. ಅವರ ನಂಬರ್ ನಿನ್ ಹತ್ರ ಇದೆಯಲ್ಲ," ಎಂದ ಅವನು. ಉಸಿರೆಳೆದುಕೊಂಡು, "ನಂಗೆ ಗಂಜಿ ಅಭ್ಯಾಸ ಆಗಿದೆ," ಎಂದು ಸೇರಿಸಿದ.

ವರ್ಲೀನ್ ಮತ್ತೆ ಮೊದಲ ಮನೆಯಿಂದ ಶುರುಮಾಡಿದಳು. ನಲವತ್ತು ವರ್ಷದ ನಂಬಿಕೆಯ ಪಕ್ಷಕ್ಕೆ ಬೆನ್ನು ತಿರುಗಿಸುತ್ತಿದ್ದೇನೆಂಬ ಸಂಕಟ ಅವಳಿಗಿತ್ತು. ಆದರೂ ಹೇಗಿದ್ದೀರಿ ಎಂದು ಕೇಳುವುದನ್ನು ಬಿಡಲಿಲ್ಲ.

"ಎಫೀ, ಹೋದ ವಾರ ನಾನು ತಪ್ಪು ಹೇಳ್ದೆ ಕಣೇ. ಆ ಆಫೀಸಿಗೆ ಇನ್ನೊಂದ್ಸಲ ಫೋನ್ ಮಾಡು. ನಾನು ನಿಂಗೆ ಹೇಳಿದ್ದನ್ನ ಹೇಳ್ಬೇಡ. ನೀನು ನಂಗೆ ಹೇಳಿದ್ದನ್ನ ಹೇಳು."

"ಕವಾಟದ ವಿಷ್ಯಾನಾ? ಅದೆಲ್ಲ ದೊಡ್ಡೋರಿಗೆ ಯಾಕೆ?"

"ದೊಡ್ಡೋರಿಗೇ ಬೇಕಾಗಿರೋದು."

ಮೂರು ದಿನ ಕಳೆಯುವಷ್ಟರಲ್ಲಿ ಡೆನ್ವರ್‌ನ ಟ್ರಕ್ಕು ಅಂಗಳಕ್ಕೆ ಬಂದು ನಿಂತಿತು. ಮುಖ ಕೆಂಪಾಗಿತ್ತು.

"ಏನು ಮಾಡಿದೀರಿ ಮಿಸ್ ವರ್ಲೀನ್? ಅಲ್ಲಿ ಆಫೀಸಿನೋರು ನನ್ನ ಜನ್ಮ ಜಾಲಾಡ್ತಿದಾರೆ. ಬರೋ ಫೋನೆಲ್ಲ ನಿಮ್ ಕಣಿವೇದಂತೆ. ಪರನೋ ವಿರೋಧನೋ ಅಂತ ಕೇಳಿದ್ರೆ, ಮೊದ್ಲು ಮೊಣಕಾಲು ಕೇಳಿಸ್ಕೊಳ್ಳಿ ಅಂತಾರಂತೆ! ಪಟ್ಟಿ ವಾಪಸ್ ಕೊಡಿ. ನಿಮ್ಮಿಂದ ಇನ್ನು ಈ ಕೆಲಸ ಬೇಡ."

ವರ್ಲೀನ್ ಪಕ್ಷ ಕೊಟ್ಟಿದ್ದ ಪಟ್ಟಿಯನ್ನು ಮಡಚಿ ಕೊಟ್ಟಳು. ಕೆಂಪು ನೋಟುಬುಕ್ಕಿನ ಕಡೆಗೂ ಅವನು ಕೈ ಚಾಚಿದ.

"ಅದು ಕೊಡಲ್ಲ. ಹೆಸರು ನಿಮ್ದು. ನೋವು ಅವರು ನಂಗೆ ಹೇಳಿದ್ದು," ಎಂದಳು. ಆಮೇಲೆ ಅಭ್ಯಾಸಬಲದಿಂದ ಕೇಳಿದಳು. "ಟ್ವೈಲಾ ಹೇಗಿದಾಳೋ?"

ಡೆನ್ವರ್ ಬಾಯಿ ತೆರೆದ. ಚೆನ್ನಾಗಿದ್ದಾಳೆ ಎಂಬ ಮಾತು ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತುಬಿಟ್ಟ.

ಟ್ವೈಲಾಗೆ ಸ್ತನದ ಕ್ಯಾನ್ಸರು. ಎರಡು ವರ್ಷವಾಗಿತ್ತು. ತಂಗಿಯ ಮನೆಗೆ ಎಂದು ಊರಿಗೆಲ್ಲ ಹೇಳಿ ಲೆಕ್ಸಿಂಗ್ಟನ್ ನಗರಕ್ಕೆ ಹೋಗುತ್ತಿದ್ದದ್ದು ಚಿಕಿತ್ಸೆಗೆ. ಕಾಯಿಲೆ ಇದ್ದವರಿಗೆ ಹಿಂದೆ ಯಾವ ಕಂಪನಿಯೂ ವಿಮೆ ಕೊಡುತ್ತಿರಲಿಲ್ಲ. ಈಗ ಕೊಡಲೇಬೇಕಾಗಿದ್ದದ್ದು ಆ ಕಾನೂನಿನಿಂದ. ಅವನು ಅರ್ಧ ಗಂಟೆ ಹೇಳಿದ, ಅವಳು ಹೂಂಗುಟ್ಟಿದಳು. ಹೋಬರ್ಟ್ ಕೂಡ ಒಂದೂ ಕುಚೋದ್ಯವಾಡಲಿಲ್ಲ.

"ಯಾರಿಗೂ ಹೇಳ್ಬೇಡಿ, ಮಿಸ್ ವರ್ಲೀನ್."

"ನಾನ್ಯಾಕೆ ಹೇಳ್ಲಿ ಮಗು? ನೀನು ಹೇಳು," ಎಂದು ಅವಳು ಫೋನನ್ನು ಅವನ ಮುಂದಕ್ಕೆ ಸರಿಸಿದಳು.

ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ. ಬಾಯಿಪಾಠವಾಗಿದ್ದ ಸಂಸತ್ ಸದಸ್ಯರ ಆಫೀಸಿನ ನಂಬರು ಒತ್ತಿದ. ಆ ಕಡೆಯವರು ಅವನ ದನಿ ಗುರುತು ಹಿಡಿದು ಅಧ್ಯಕ್ಷರೇ ಎಂದರೆಂದು ಕಾಣುತ್ತದೆ.

"ಇಲ್ಲ, ಇಲ್ಲ. ಅಧ್ಯಕ್ಷ ಅಂತ ಬರ್ಕೋಬೇಡಿ," ಎಂದ ಡೆನ್ವರ್. "ಟ್ವೈಲಾಳ ಗಂಡ ಅಂತ ಬರ್ಕೊಳ್ಳಿ."