ಅತ್ತೆ ಹಿಡಿದ ವಾರಗಳು

ನಮ್ಮ ಮನೆಯವರು ಉಣ್ಣುವುದು ಮುರಿದ ರೊಟ್ಟಿ. ಇಳಕಲ್ಲಿನ ಒಂದು ಖಾನಾವಳಿಗೆ ನಾನು ಖಡಕ್ ರೊಟ್ಟಿ ಬಡಿದು ಕೊಡುತ್ತೇನೆ. ಹಿಟ್ಟು ಅವರದು, ಒಲೆ ಮತ್ತು ಕೈ ನನ್ನವು. ದುಂಡಗೆ, ತೆಳ್ಳಗೆ, ಅಂಚು ಸೀಳದೆ ಒಣಗಿದ ರೊಟ್ಟಿ ಖಾನಾವಳಿಗೆ ಹೋಗುತ್ತದೆ. ಸೀಳಿದ್ದು, ಮುರಿದದ್ದು ನಮಗೆ. ಹೀಗಾಗಿ ನನ್ನ ಕೈ ಚೆನ್ನಾಗಿ ನಡೆದ ದಿನ ಮನೆಯವರ ಹೊಟ್ಟೆಗೆ ಕಡಿಮೆ. ಕೈ ಕೆಟ್ಟ ದಿನ ಹೊಟ್ಟೆ ತುಂಬುತ್ತದೆ, ಆದರೆ ಖಾನಾವಳಿಯ ಯಜಮಾನಿಯ ಮುಖ ಗಂಟಾಗುತ್ತದೆ. ಇಂಥ ನೌಕರಿ ಕೊಟ್ಟ ದೇವರಿಗೆ ತಮಾಷೆಯ ಸ್ವಭಾವ ಇದ್ದಿರಬೇಕು.

ಮೊದಲು ಹೀಗಿರಲಿಲ್ಲ. ನನ್ನ ಗಂಡ ಊರ ಹೊರಗೆ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದರು. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆಲ್ಲ ಗುಲಾಬಿ ಬಣ್ಣದ ಧೂಳು. ನಾವದನ್ನು ನೋಡಿ ನಗುತ್ತಿದ್ದೆವು. ಅದೇ ಧೂಳು ಎದೆಯೊಳಗೂ ಕೂತಿದೆ ಎಂದು ಗೊತ್ತಾದಾಗ ಅವರಿಗೆ ಓಣಿಯ ತುದಿಯ ನಳದಿಂದ ಒಂದು ಕೊಡ ನೀರು ತರುವ ಶಕ್ತಿಯೂ ಇರಲಿಲ್ಲ. ಅವರು ಮನೆಯಲ್ಲಿ ಕೂತರು, ನಾನು ರೊಟ್ಟಿ ಬಡಿಯಲು ಕೂತೆ. ರೇಷನ್ ಅಕ್ಕಿ ಬರುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಜೋಳ ತಿಂದು ಬೆಳೆದ ಹೊಟ್ಟೆಗಳಿಗೆ ಅನ್ನ ಎಷ್ಟು ಹಾಕಿದರೂ ತಾಸಿನೊಳಗೆ ಮತ್ತೆ ಹಸಿವು. ಮಗಳಂತೂ ಬೆಳೆಯುವ ವಯಸ್ಸಿನವಳು. ಬಡಿಸಿದ್ದೆಲ್ಲ ಎಲ್ಲಿ ಹೋಗುತ್ತಿತ್ತೋ.

ಆಗ ಅತ್ತೆ ಸೋಮವಾರ ಹಿಡಿದರು.

ವಾರ ಹಿಡಿಯುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಒಬ್ಬ ದೇವರ ಹೆಸರಲ್ಲಿ ವಾರದ ಒಂದು ದಿನ ಒಪ್ಪತ್ತು, ಅಂದರೆ ಒಂದೇ ಹೊತ್ತಿನ ಊಟ. ಅತ್ತೆ ಗುಡೂರಿನ ಕಡೆ ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವರು, ಬೀರಪ್ಪನ ಒಕ್ಕಲು. ಒಂದು ಸೋಮವಾರ ತಾಟು ಹಚ್ಚಿದಾಗ ಅವರು ತಮ್ಮ ತಾಟನ್ನು ಆಚೆ ಸರಿಸಿ, "ನಂದು ಇವತ್ತಿಂದ ಒಪ್ಪತ್ತ. ಬೀರಪ್ಪಗ ಬೇಡ್ಕೊಂಡೇನಿ, ಮಗನ ಕೆಮ್ಮು ಹೋಗ್ಲಿ ಅಂತ," ಎಂದರು. ದೊಡ್ಡ ತಂಬಿಗೆಯ ತುಂಬ ನೀರು ಕುಡಿದು ಹೊರಗಿನ ಕಟ್ಟೆಗೆ ಹೋಗಿ ಕೂತರು. ಅವರ ಪಾಲಿನ ಮುರುಕು ರೊಟ್ಟಿ ಮಗಳ ತಾಟಿಗೆ ಹೋಯಿತು. ನನಗೇನೂ ಅನ್ನಿಸಲಿಲ್ಲ. ವಯಸ್ಸಾದವರು, ಮಗನ ಚಿಂತೆ ಎಂದುಕೊಂಡೆ.

ಆಮೇಲೆ ಗುರುವಾರ ಊರಿನ ದರ್ಗಾದ ಅಜ್ಜನ ಹೆಸರಲ್ಲಿ. ಅದಾದ ಮೇಲೆ ಶನಿವಾರ ಹನಮಪ್ಪನದು. ಅಮಾವಾಸ್ಯೆ ಇದ್ದೇ ಇತ್ತು. ಓಣಿಯ ಹೆಂಗಸರು ಅತ್ತೆಯ ಭಕ್ತಿಯನ್ನು ಹೊಗಳಿದ್ದೇ ಹೊಗಳಿದ್ದು. ಪಕ್ಕದ ಮನೆಯ ಮುಸಲ್ಮಾನ ಹೆಣ್ಣುಮಗಳೊಬ್ಬಳೇ ಒಂದು ದಿನ ನನ್ನನ್ನು ಗೋಡೆಯ ಹತ್ತಿರ ಕರೆದು, "ನಮ್ಮ ರೋಜಾ ವರ್ಷಕ್ಕ ಒಂದ ತಿಂಗಳರಿ ಅಕ್ಕಾರ. ನಿಮ್ಮತ್ತೀದು ಯಾವಾಗ ಮುಗೀತದ?" ಎಂದು ಕೇಳಿದಳು. ನಗುತ್ತಲೇ ಕೇಳಿದಳು. ನಾನೂ ನಕ್ಕೆ. ಒಳಗೆ ಬಂದು ಹಿಟ್ಟಿಗೆ ಕುದಿಯುವ ನೀರು ಹೊಯ್ದೆ. ದೇವರುಗಳು ಒಬ್ಬೊಬ್ಬರಾಗಿ ಬಂದು ಕೂತದ್ದು ನಮ್ಮ ರೊಟ್ಟಿಬುಟ್ಟಿ ಇಳಿದ ಕ್ರಮದಲ್ಲೇ ಎಂದು ಆಗ ಹೊಳೆಯಿತು. ನಾನು ಪಿಯುಸಿ ಓದಿದವಳು. ಇಷ್ಟು ಸಣ್ಣ ಲೆಕ್ಕ ನನಗೆ ಅಷ್ಟು ತಡವಾಗಿ ತಿಳಿದದ್ದಕ್ಕೆ ನಾಚಿಕೆಯಾಯಿತು.

ಕೇಳಿದರೆ ಒಪ್ಪುವವರಲ್ಲ. ನಾನು ಸಿಟ್ಟಿನಲ್ಲಿ ತಾಟು ಕುಕ್ಕಿದರೆ, "ದೇವರ ಮ್ಯಾಲ ಯಾಕ ಸಿಟ್ಟು?" ಎನ್ನುವರು. ಒಂದು ಮುಂಜಾನೆ ಅಂಗಳ ಕಸ ಹೊಡೆಯುತ್ತಿದ್ದವರು ಕಸಬರಿಗೆಯ ಮೇಲೆಯೇ ಬಿದ್ದರು. ಎತ್ತಿದಾಗ ನನಗೆ ಭಯವಾದದ್ದು ಅವರ ಹಗುರಕ್ಕೆ. ಒಣಗಿದ ತೊಗರಿಕಟ್ಟಿಗೆಯ ಹೊರೆಯನ್ನು ಎತ್ತಿದ ಹಾಗಿತ್ತು. ದವಾಖಾನೆಯ ಡಾಕ್ಟರು ಕಣ್ಣಿನ ಕೆಳಗಿನ ತೊಗಲು ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಗುಳಿಗೆ ಬರೆಯುತ್ತೇನೆ, ಆದರೆ ಎರಡು ಹೊತ್ತು ಉಣ್ಣದಿದ್ದರೆ ಗುಳಿಗೆ ಏನೂ ಮಾಡುವುದಿಲ್ಲ ಎಂದರು.

ಹೊರಗೆ ಬೆಂಚಿನ ಮೇಲೆ ಕೂತಾಗ ನಾನು ಕೇಳಿಯೇಬಿಟ್ಟೆ. "ಅತ್ತಿ, ಖರೆ ಹೇಳ್ರಿ. ಇದು ದೇವರ ವಾರ ಏನು, ರೊಟ್ಟಿ ಸಾಲಲಾರದ ವಾರ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಮೊದಲನೇ ಸೋಮವಾರ ರೊಟ್ಟಿ ಸಾಲಲಿಲ್ಲ ಖರೆ. ಕೂಸು ನನ್ನ ತಾಟು ನೋಡಾಕತ್ತಿತ್ತು. ಏನರ ಒಂದು ಹೇಳಬೇಕಲ್ಲ, ಬಾಯಾಗ ಬೀರಪ್ಪನ ಹೆಸರು ಬಂತು. ಬಂದ ಮ್ಯಾಲ ಅದನ್ನ ಸುಳ್ಳು ಅನ್ನಾಕ ಬರ್ತೈತೇನು? ಮಗನ ಜೀವ ಇಟ್ಟು ಬೇಡ್ಕೊಂಡೇನಿ."

"ಹಂಗಾದ್ರ ಬಿಟ್ಟುಬಿಡ್ರಿ."

"ಹಂಗ ಬಿಡಾಕ ಬರೂದಿಲ್ಲವಾ. ಬಿಡೂ ಮುಂದ ಐದು ಮಂದಿ ಮುತ್ತೈದ್ಯಾರಿಗೆ ಹೋಳಿಗಿ ಉಣಿಸಬೇಕು."

ನಾನು ದವಾಖಾನೆಯ ಅಂಗಳದಲ್ಲಿ ಜನ ತಿರುಗಿ ನೋಡುವಂತೆ ನಕ್ಕೆ. ನಗು ಅಲ್ಲ ಅದು, ಹೊಟ್ಟೆ ಉರಿ. ಉಪವಾಸ ಹಿಡಿಯಲು ಏನೂ ಬೇಡ, ಬಿಡಲು ಹಬ್ಬದ ಅಡುಗೆ ಬೇಕು. ಇಂಥ ಕಟ್ಟಳೆ ಮಾಡಿದವರು ಎಂದೂ ಹಸಿದಿರಲಿಕ್ಕಿಲ್ಲ.

ಆದರೂ ಬಿಡಿಸಲೇಬೇಕಿತ್ತು. ದರ್ಗಾದ ಅಜ್ಜ ಕರುಣಾಳು. ಪಕ್ಕದ ಮನೆಯವಳು ಅತ್ತೆಯನ್ನು ಕರೆದುಕೊಂಡು ಹೋಗಿ ಒಂದು ಹಿಡಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬಂದಳು, ಗುರುವಾರ ಕಳಚಿತು. ಹನಮಪ್ಪ ಒಂದು ಕಾಯಿ ಮತ್ತು ದೀಪದ ಎಣ್ಣೆಗೆ ಒಪ್ಪಿಕೊಂಡ. ಬೀರಪ್ಪನ ಸೋಮವಾರ ಮಾತ್ರ ಹೋಳಿಗೆ ಇಲ್ಲದೆ ಬಿಡುವಂತಿರಲಿಲ್ಲ, ಮಗನ ಜೀವದ ಮೇಲಿನ ಮಾತು ಅದು. ಖಾನಾವಳಿಯ ಯಜಮಾನಿಗೆ ಹೇಳಿ ನನ್ನ ಕೂಲಿಯಲ್ಲಿ ಒಂದಿಷ್ಟನ್ನು ಕಡಲೆಬೇಳೆ, ಬೆಲ್ಲ, ಗೋದಿಹಿಟ್ಟಾಗಿ ತೆಗೆದುಕೊಳ್ಳತೊಡಗಿದೆ. ಅವು ಡಬ್ಬಿಯಲ್ಲಿ ಕೂಡುತ್ತ ಹೋದ ಹಾಗೆ ನಮ್ಮ ಸಾರು ತೆಳ್ಳಗಾಗುತ್ತ ಹೋಯಿತು. ಮೊದಲು ಬೇಳೆ ಕಡಿಮೆಯಾಯಿತು, ಆಮೇಲೆ ಬರಿ ಹುಣಸೆ ಮತ್ತು ಖಾರಪುಡಿ. ಕಾಯಿಪಲ್ಲೆ ತರುವುದು ನಿಂತಿತು. ಒಬ್ಬರ ಒಪ್ಪತ್ತು ಬಿಡಿಸಲು ಮನೆಗೆಲ್ಲ ಒಪ್ಪತ್ತು ಹಿಡಿಸಿದೆ. ಮಗಳು ಒಂದೆರಡು ಸಲ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಹಾಗೇ ಮುಚ್ಚಿಟ್ಟದ್ದನ್ನು ಕಂಡೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ, ಅವಳು ಬಾಯಿ ಬಿಟ್ಟು ಏನಾದರೂ ಹೇಳುತ್ತಿದ್ದಳು.

ಆ ಸೋಮವಾರ ಐದು ಜನ ಮುತ್ತೈದೆಯರು ಬಂದರು. ಅವರೊಳಗೆ ನಮ್ಮ ಬಾಡಿಗೆ ಮನೆಯ ಮಾಲೀಕನ ಹೆಂಡತಿಯೂ ಬಂದಳು, ಇಬ್ಬರು ಮೊಮ್ಮಕ್ಕಳನ್ನು ಸೊಂಟಕ್ಕೆ ಕಟ್ಟಿಕೊಂಡು. ಹೋಳಿಗೆ, ಕಟ್ಟಿನ ಸಾರು, ಅನ್ನ. ಅತ್ತೆ ನಡುಗುವ ಕಾಲಲ್ಲಿ ನಿಂತು, "ಇನ್ನೊಂದು ಹಾಕ್ಕೊಳ್ರಿ, ನಾಚಬ್ಯಾಡ್ರಿ," ಎಂದು ಪ್ರತಿ ತಾಟಿಗೂ ಒತ್ತಾಯ ಮಾಡಿ ಬಡಿಸಿದರು. ನಾಚುವವರು ಯಾರೂ ಇರಲಿಲ್ಲ. ಒಲೆಯ ಮುಂದೆ ಕೂತು ನಾನು ಒಂದೊಂದು ಹೋಳಿಗೆ ಹೊರಗೆ ಹೋಗುವುದನ್ನು ನೋಡುತ್ತಿದ್ದೆ. ಉಣ್ಣುವವರ ಮೇಲೆ ನನಗೆ ಅಷ್ಟು ದ್ವೇಷ ಹುಟ್ಟಿದ್ದು ಅದೇ ಮೊದಲು. ಅವರೆಲ್ಲ ಒಳ್ಳೆಯ ಹೆಂಗಸರು. ಉಡಿ ತುಂಬಿಸಿಕೊಂಡು, ಮನೆ ತಣ್ಣಗಿರಲಿ ಎಂದು ಹರಸಿ ಹೋದರು.

ಉಳಿದದ್ದನ್ನು ಗಂಡ, ಮಗಳು ಉಂಡರು. ಅತ್ತೆ ಅರ್ಧ ಹೋಳಿಗೆ ಬಾಯಿಗೆ ಹಾಕಿಕೊಂಡು, ಹಿತ್ತಿಲಿಗೆ ಹೋಗಿ ಕಾರಿಕೊಂಡರು. ಹೊಟ್ಟೆಗೆ ರೂಢಿ ತಪ್ಪಿತ್ತು. ಗಂಡ ಗೋಡೆಗೆ ಮುಖ ಮಾಡಿ ಮಲಗಿ, "ನನ್ನ ಸಲುವಾಗಿ ಇನ್ಯಾರೂ ಏನೂ ಬೇಡ್ಕೋಬ್ಯಾಡ್ರಿ," ಎಂದರು. ಕೆಮ್ಮು ಅವರನ್ನು ಮುಂದೆ ಮಾತಾಡಗೊಡಲಿಲ್ಲ.

ಮುಂದಿನ ಸೋಮವಾರ ಮುಂಜಾನೆ ನನ್ನ ಕೈ ಕೆಟ್ಟು ಒಂದಿಷ್ಟು ರೊಟ್ಟಿ ಮುರಿದಿದ್ದವು. ಮಧ್ಯಾಹ್ನ ಮಗಳಿಗೆ ಶಾಲೆಯಲ್ಲಿ ಬಿಸಿಯೂಟವಿತ್ತು, ಹಾಗಾಗಿ ಎಲ್ಲರೂ ಕೂಡಿ ಕೂತದ್ದು ಸಂಜೆಗೆ. ಅತ್ತೆಯ ತಾಟಿಗೆ ನಾನೇ ರೊಟ್ಟಿ ಹಾಕಿ, ಮೇಲೆ ಪುಂಡಿಪಲ್ಲೆ ಬಡಿಸಿದೆ. ಅವರು ಚೂರು ಮುರಿದು, ನನ್ನ ಮುಖ ನೋಡಿ, ಬಾಯಿಗಿಟ್ಟುಕೊಂಡರು. ಅಷ್ಟು ದಿನಗಳ ಮೇಲೆ ನನ್ನ ಮನಸ್ಸಿಗೆ ತುಸು ಹಗುರವೆನಿಸಿತು.

ಮಗಳು ತನ್ನ ತಾಟನ್ನು ಆಚೆ ಸರಿಸಿದಳು. ದೊಡ್ಡ ತಂಬಿಗೆ ಎತ್ತಿ ನೀರು ಕುಡಿಯತೊಡಗಿದಳು.

"ಯಾಕ, ಹಸಿವಿಲ್ಲೇನು?" ಎಂದೆ.

"ನಂದು ಇವತ್ತಿಂದ ಒಪ್ಪತ್ತ," ಎಂದಳು. "ಅಜ್ಜಿ ಬಿಟ್ಟ ಸೋಮವಾರ ನಾ ಹಿಡದೇನಿ. ಅಪ್ಪನ ಕೆಮ್ಮು ಹೋಗ್ಲಿ ಅಂತ."

ಅತ್ತೆಯ ಬಾಯಿ ಅಗಿಯುವುದನ್ನು ನಿಲ್ಲಿಸಿತು. ನಾನು ಅವಳ ತಾಟನ್ನು ಎಳೆದು ಮುಂದಿಟ್ಟು, ಉಣ್ಣು, ಇಲ್ಲದಿದ್ದರೆ ಹೊಡೆಯುತ್ತೇನೆ ಎಂದು ಕೈ ಎತ್ತಿದೆ. ಅವಳು ಹೆದರಲಿಲ್ಲ. ತಿಳಿಯದವಳಿಗೆ ತಿಳಿಸಿ ಹೇಳುವ ಹಾಗೆ, ಮೆಲ್ಲಗೆ ಹೇಳಿದಳು.

"ಹಂಗ ಬಿಡಾಕ ಬರೂದಿಲ್ಲವ್ವ. ಐದು ಮಂದಿಗೆ ಹೋಳಿಗಿ ಉಣಿಸಬೇಕು. ಬೆಲ್ಲದ ಡಬ್ಬಿ ಖಾಲಿ ಆಗೇತಿ, ನಾ ನೋಡೇನಿ."